ಮಂಗಳಾಗೆ ಕಳಿಸಿದ ಕ್ರಿಯಾಪದದ ಪುಸ್ತಕ

ಕಂಪಲಾಪುರ
೧೯ ನವೆಂಬರ್ ೨೦೦೪

ಪ್ರೀತಿಯ ಮಗಳು ಮಂಗಳಾಗೆ,

ಹೇಗಿದ್ದೀಯವ್ವಾ? ಅಲ್ಲಿ ಇಟಲಿಯಲ್ಲಿ ಚಳಿ ಶುರುವಾಯಿತೆಂದು ಬರೆದಿದ್ದೆ. ಕಿವಿ ಮುಚ್ಚಿಕೊಂಡು ಓಡಾಡು, ಚಿಕ್ಕಂದಿನಿಂದಲೂ ನಿನಗೆ ಶೀತ ಮೊದಲು ಕಿವಿಗೇ ಹಿಡಿಯುವುದು. ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯ ತಾನೇ? ಆ ವೃದ್ಧಾಶ್ರಮದ ಅಜ್ಜ ಅಜ್ಜಿಯರಿಗೆಲ್ಲ ಕೂರಿಸಿ ತಿನ್ನಿಸಿ, ನೀನು ಮಾತ್ರ ಬ್ರೆಡ್ಡು ಕಚ್ಚಿಕೊಂಡು ಮಲಗಿದರೆ ಅವ್ವನಿಗೆ ಹೇಗೆ ಗೊತ್ತಾಗುತ್ತದೆ ಎಂದುಕೊಳ್ಳಬೇಡ. ನೀನು ಕಳಿಸಿದ ಫೋಟೋದಲ್ಲಿ ಕತ್ತಿನ ಮೂಳೆ ಎದ್ದು ಕಾಣುತ್ತಿದೆ. ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ಕೆಲಸ ಹೇಳಿದಾಗ ಬರುತ್ತದೆ, ಟೀ ಅಂಗಡಿಗೆ ಹೋಗುವಾಗ ಎಲ್ಲಿ ಹೋಗುತ್ತದೋ ಆ ದೇವರಿಗೇ ಗೊತ್ತು.

ನೀನು ಕೇಳಿದ ಪುಸ್ತಕವನ್ನು ಈ ಕಾಗದದ ಜೊತೆಯೇ ಇಟ್ಟಿದ್ದೇನೆ. ತಡವಾಯಿತು, ಬೈಯಬೇಡ. ನಿನ್ನ ಕಾಗದ ಬಂದಿದ್ದು ದಸರಾ ಮುಗಿದ ವಾರ, ಮನೆ ತುಂಬ ಹೊಗೆಸೊಪ್ಪು, ಕಾಲಿಡಲು ಜಾಗವಿರಲಿಲ್ಲ. ಎಲೆಗಳನ್ನು ಬಣ್ಣ ನೋಡಿ ಬೇರೆ ಮಾಡಿ, ಮೂಟೆಯಂತೆ ಬೇಲು ಕಟ್ಟಿ ಹರಾಜಿಗೆ ಕಳಿಸುವ ಹೊತ್ತಿನಲ್ಲಿ ನಮ್ಮ ಮನೆ ಹೇಗಿರುತ್ತದೆಂದು ನಿನಗೇನು ಹೇಳಿಕೊಡಬೇಕೇ? ಆದರೂ ನಿನ್ನ ಕಾಗದವನ್ನು ಮೂರು ಸಲ ಓದಿದೆ. ಜನವರಿಯ ಭಾಷಾಪರೀಕ್ಷೆ ಪಾಸಾಗದಿದ್ದರೆ ಕೆಲಸ ಮುಂದುವರಿಸುವುದಿಲ್ಲ, ಟಿಕೆಟ್ ಕೊಟ್ಟು ಊರಿಗೆ ಕಳಿಸುತ್ತಾರೆ ಎಂದು ಬರೆದಿದ್ದೆಯಲ್ಲ, ಆ ಸಾಲನ್ನು ಬೆರಳಿಟ್ಟು ಮತ್ತೊಮ್ಮೆ ಓದಿದೆ. "ಬಾಯಿ ತೆರೆದರೆ ನಿನ್ನೆ, ಇವತ್ತು, ನಾಳೆ ಎಲ್ಲಾ ಕಲಸಿಹೋಗ್ತವೆ ಅವ್ವಾ" ಎಂದು ನೀನು ಬರೆದದ್ದನ್ನು ಓದಿ ಹೇಳಿದರೆ ನಿಮ್ಮಪ್ಪ, "ಇಲ್ಲಿದ್ದಾಗ ಕನ್ನಡದಲ್ಲೂ ಅಂಗೇ ಅಲ್ವಾ, ಈಗ ಬಂದೆ ಅಂತ ಸಂಜಿಕೆ ಬರೋಳು" ಎಂದು ನಕ್ಕರು. ನಕ್ಕವರು ಆಮೇಲೆ ನಿನ್ನ ಕಾಗದ ಇಸಿದುಕೊಂಡು ಜಗುಲಿಗೆ ಹೋದರು.

ಅಲ್ಲಿ ಸಿಗುವ ಪುಸ್ತಕವೆಲ್ಲ ಇಟಾಲಿಯನ್‌ನಲ್ಲೇ ಇರುತ್ತದೆ, ಇಂಗ್ಲಿಷಿನಲ್ಲಿ ಅರ್ಥ ಕೊಟ್ಟಿರುವುದು ಬೇಕು ಎಂದಿದ್ದೆಯಲ್ಲ, ಮೈಸೂರಿನ ಒಂದು ಅಂಗಡಿಗೆ ಹೋಗಿ ಕೇಳಿದೆ. ಪುಣ್ಯಕ್ಕೆ ಮೂರು ಬಗೆಯವು ಇದ್ದವು. ನಿನ್ನವ್ವ ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತಾಳೆ, ಇಟಲಿ ಭಾಷೆಯ ಗಾಳಿಯೂ ಗೊತ್ತಿಲ್ಲ. ಆದರೆ ಎಲೆ ಗ್ರೇಡು ಮಾಡುವುದು ಗೊತ್ತಲ್ಲ! ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಹಾಳೆಯ ಅಂಚನ್ನು ಹೆಬ್ಬೆರಳಲ್ಲಿ ಸವರಿದೆ, ಬಗ್ಗಿಸಿದೆ, ಮೂಗಿಗೆ ಹಿಡಿದೆ. ಅಂಗಡಿಯವನು ಕನ್ನಡಕ ಏರಿಸಿ, "ಪುಸ್ತಕಾನ ಯಾರಾದ್ರೂ ಮೂಸಿ ನೋಡ್ತಾರೇನಮ್ಮಾ?" ಎಂದ. "ಮೂಸ್ದೆ ತಗಂಡೋರು ಕೆಟ್ಟವ್ರೆ ಕಣಪ್ಪಾ" ಎಂದೆ.

ಮೊದಲ ಹಾಳೆ ನೋಡಿ ನಾನು ಮರುಳಾಗುವವಳಲ್ಲ, ನೇರವಾಗಿ ನಡುವೆ ತೆರೆದೆ. ನಿನಗೆ ನೆನಪಿದೆಯಲ್ಲ, ನೀನು ಏಳನೇ ಕ್ಲಾಸಿನಲ್ಲಿದ್ದ ವರ್ಷ ನಿಮ್ಮಪ್ಪ ಮೇಲೆ ಕೆಳಗೆ ಹೊಂಬಣ್ಣದ ಎಲೆ ಇಟ್ಟು, ಬೇಲಿನ ನಡುವೆ ಕಡಿಮೆ ಬೆಲೆಯ ಕಪ್ಪೆಲೆ ಸೇರಿಸಿ ಹೊಲಿದಿದ್ದರು. ಗಾಡಿ ಬಂದು ಬಾಗಿಲಲ್ಲಿ ನಿಂತಿತ್ತು. ನಾನು ಹೊಲಿಗೆ ಬಿಚ್ಚಿ ಎಲ್ಲವನ್ನೂ ನೆಲಕ್ಕೆ ಸುರಿದೆ. "ನೋಡ್ದೋರ್ ಯಾರ್ ಬುಡು" ಎಂದರು ಅವರು. "ನಾನ್ ನೋಡಿವ್ನಿ ಅಲ್ವಾ" ಎಂದೆ. ನೀನು ಸ್ಕೂಲಿನ ಲಂಗದಲ್ಲೇ ಕೂತು ನನ್ನ ಜೊತೆ ಕಪ್ಪೆಲೆ ಆರಿಸಿದೆ. ಆ ಕಥೆ ಹೇಳಿ ಹೇಳಿ ಅವರನ್ನು ಇವತ್ತಿಗೂ ಗೋಳು ಹೊಯ್ದುಕೊಳ್ಳುತ್ತೇನೆ.

ಸರಿ, ಪುಸ್ತಕಕ್ಕೆ ಬರುತ್ತೇನೆ. ನಿನ್ನನ್ನು ಬಹಳ ಕಾಡುತ್ತವೆ ಎಂದು ಕಾಗದದಲ್ಲಿ ಐದು ಪದ ಬರೆದಿದ್ದೆಯಲ್ಲ, ಆ ಐದನ್ನೂ ಮೂರು ಪುಸ್ತಕಗಳಲ್ಲೂ ಹುಡುಕಿದೆ. ಸಣ್ಣ ಪುಸ್ತಕ ಬಲು ಚೆಂದ, ಅಂಗೈಯಲ್ಲಿ ಹಿಡಿಯುತ್ತದೆ, ಬಣ್ಣಬಣ್ಣದ ಚಿತ್ರ. ಆದರೆ ಐದರಲ್ಲಿ ಎರಡೇ ಪದ ಸಿಕ್ಕಿದವು. 'ಹೋಗುವುದು' ಇದೆ, 'ಬರುವುದು' ಇಲ್ಲ, ಎಂಥ ಪುಸ್ತಕವೋ! ಇನ್ನೊಂದು ದಪ್ಪ ರಟ್ಟಿನದು, ಚಿನ್ನದ ಅಕ್ಷರ. ಒಳಗೆ ಬರೀ ವಿವರಣೆ, ಪುಟಗಟ್ಟಲೆ. ಅಜ್ಜಿಯೊಬ್ಬಳು ನೀರು ಕೇಳಿದಾಗ ನೀನು ಅದರಲ್ಲಿ ಪದ ಹುಡುಕುತ್ತಾ ಕೂತರೆ ಅವಳ ಗಂಟಲು ಒಣಗಿಹೋಗುತ್ತದೆ. ಮೂರನೆಯದು ಕಂದು ಹೊದಿಕೆಯದು, ನೋಡಲು ಏನೂ ಇಲ್ಲ. ಆದರೆ ಒಂದು ಪದಕ್ಕೆ ಒಂದು ಪುಟ, ನಾನು, ನೀನು, ಅವರು ಎಂದು ಸಾಲಾಗಿ, ನಿನ್ನೆಯದು ಒಂದು ಕಡೆ, ನಾಳೆಯದು ಇನ್ನೊಂದು ಕಡೆ. ಕೊನೆಯಲ್ಲಿ ಅಕಾರಾದಿ ಪಟ್ಟಿಯೂ ಇದೆ, ಅಡ್ಡಾದಿಡ್ಡಿ ರೂಪ ಹುಡುಕಿದರೂ ಅದು ಯಾವ ಪುಟದ್ದೆಂದು ಹೇಳುತ್ತದೆ. ಐದೂ ಪದ ಸಿಕ್ಕಿದವು. ನಾವು ಎಲೆಗಳನ್ನು ರಾಶಿ ಹಾಕುವ ಹಾಗೆಯೇ ಯಾರೋ ಪುಣ್ಯಾತ್ಮರು ಪದಗಳನ್ನು ಬೇರೆ ಬೇರೆ ಮಾಡಿ ಇಟ್ಟಿದ್ದಾರೆ. ಅದನ್ನೇ ಕಳಿಸಿದ್ದೇನೆ. ಹೊಗೆಸೊಪ್ಪಿನ ವಾಸನೆ ಬಂದರೆ ನಿನ್ನ ಮನೆಯದೇ ಎಂದುಕೊಂಡು ಓದು.

ದಿನಕ್ಕೆ ಎರಡು ಪುಟ ಸಾಕು, ಗಟ್ಟಿಯಾಗಿ ಬಾಯಿಬಿಟ್ಟು ಓದು. ತಪ್ಪಾದರೆ ಆ ಅಜ್ಜಿಯರು ನಗಲಿ, ಅವರಿಗೂ ಹೊತ್ತು ಹೋಗಬೇಕಲ್ಲ. ನಿಮ್ಮಪ್ಪ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ, ಪಕ್ಕದ ಮನೆ ಯಶೋದಮ್ಮನೂ ಕೇಳಿದಳು. ಊರದೇವರು ಬೀರಪ್ಪ ನಿನ್ನ ನಾಲಿಗೆಯ ಮೇಲೆ ಕೂತು ಪರೀಕ್ಷೆ ಬರೆಸಲಿ.

ನಿನ್ನ ದಾರಿ ನೋಡುವ ಅವ್ವ,
ಪುಟ್ಟತಾಯಮ್ಮ

ಮರೆತೆ: ಮರೆತೆ ಎನ್ನುವುದೂ ಸುಳ್ಳು, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಹಿಂದೆ ಮುಂದೆ ನೋಡಿದೆ. ಮೊದಲ ಸಲ ಅಂಗಡಿಗೆ ಹೋದಾಗ ನಾನು ಆರಿಸಿದ್ದು ಈ ಕಂದು ಪುಸ್ತಕವನ್ನೇ, ಕೊಂಡದ್ದು ಮಾತ್ರ ಸಣ್ಣದನ್ನು. ಅದರಿಂದ ನೀನು ಪಾಸಾಗುವುದಿಲ್ಲ ಎಂದು ಗೊತ್ತಿದ್ದೇ ಕೊಂಡೆ. ಫೇಲಾದರೆ ಯುಗಾದಿಯ ಹೊತ್ತಿಗೆ ಮನೆಯಲ್ಲಿರುತ್ತೀಯ ಎಂಬ ಆಸೆ. ಹನ್ನೆರಡು ದಿನ ಅದು ಬೀರುವಿನಲ್ಲಿ ಸೀರೆಯ ಕೆಳಗೆ ಇತ್ತು, ವಿಳಾಸ ಬರೆಯಲು ಕೈ ಬರಲಿಲ್ಲ. ಸೋಮವಾರ ಎಲೆ ಆರಿಸುವಾಗ ಯಶೋದಮ್ಮ ಗೊತ್ತಾಗದೆ ಒಂದು ಕಪ್ಪೆಲೆ ಒಳ್ಳೆಯ ರಾಶಿಗೆ ಹಾಕಿದಳು. ತೆಗೆದು ಎಸೆದೆ. "ನಿನ್ ಕೈಯಾಗೆ ಮೋಸ ನಡೆಯಾಕಿಲ್ಲ ಬುಡಕ್ಕ" ಎಂದು ನಕ್ಕಳು. ನನಗೆ ಅಲ್ಲಿ ಕೂರಲು ಆಗಲಿಲ್ಲ. ಮಂಗಳವಾರ ಬೆಳಿಗ್ಗೆ ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಸುಳ್ಳು ಹೇಳಿ ಮೈಸೂರು ಬಸ್ಸು ಹತ್ತಿ, ಈ ಕಂದು ಪುಸ್ತಕ ಕೊಂಡು ತಂದೆ. ನಿಮ್ಮಪ್ಪನಿಗೆ ಹೇಳಬೇಡ, ಆ ಬೇಲಿನ ಕಥೆ ಇನ್ನು ನನ್ನ ಬಾಯಲ್ಲಿ ಬರುವುದಿಲ್ಲ. ಪಾಸಾಗು ಮಗಳೇ, ಆಮೇಲೆ ರಜಾ ಹಾಕಿ ಒಂದು ಸಲ ಬಂದು ಹೋಗು. ಸಣ್ಣ ಪುಸ್ತಕ ಇನ್ನೂ ಇಲ್ಲೇ ಇದೆ. ನೀನು ಬಂದ ದಿನ ನಿನ್ನೆದುರೇ ಅದನ್ನು ಒಲೆಗೆ ಹಾಕಿ ನಿನಗೆ ಸ್ನಾನಕ್ಕೆ ನೀರು ಕಾಯಿಸುತ್ತೇನೆ.