ಜೋಲಿಯಲ್ಲಿ ಮಲಗಿದ ನಿಮ್ಮಪ್ಪನ ಕಾಲು

ಹೊಳವನಹಳ್ಳಿ,
೨೧ ಡಿಸೆಂಬರ್ ೨೦೨೫, ಭಾನುವಾರ

ಮುದ್ದು ರಂಜೂ,

ಹೇಗಿದ್ದೀಯೆ ತಾಯಿ? ಆ ಕೆಮ್ಮು ಬಿಟ್ಟಿತೇ? ಊಟಿ ಕಡೆಯ ಕಾಡು ಅಂದರೆ ಸಾಕು, ನನಗೆ ಇಲ್ಲಿ ಕೂತೇ ಹಲ್ಲು ಕಟಕಟ ಅನ್ನುತ್ತದೆ. ಜೀಪಿನವರು ತಂದುಕೊಡುವ ಅಕ್ಕಿ ಬೇಳೆಯಲ್ಲಿ ಹೊಟ್ಟೆ ತುಂಬ ಉಣ್ಣು. ಹಕ್ಕಿ ಎಣಿಸುವ ಭರದಲ್ಲಿ ಊಟ ಬಿಡಬೇಡ, ಹಕ್ಕಿಗಳೇನೂ ನಿನಗೋಸ್ಕರ ಉಪವಾಸ ಇರುವುದಿಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದದ್ದೇ. ಹಸು ಕರು ಹಾಕಿದೆ, ಹೆಣ್ಣುಕರು, ಹಣೆಯಲ್ಲಿ ಬಿಳಿ ಚುಕ್ಕಿ. ಗಿಣ್ಣು ಮಾಡಿದಾಗ ನಿನ್ನ ನೆನಪಾಗಿ ಬಟ್ಟಲು ಹಾಗೇ ಮುಚ್ಚಿಟ್ಟೆ. ಇನ್ನು ನಿಮ್ಮಪ್ಪನ ವಿಷಯ ಕೇಳಬೇಡ. ಕೇಳದಿದ್ದರೂ ಹೇಳುತ್ತೇನೆ, ಯಾಕೆಂದರೆ ಯೋಚನೆ ಮಾಡಿ ಮಾಡಿ ನನ್ನ ತಲೆ ಕೆಟ್ಟು ಕೆರ ಹಿಡಿದಿದೆ.

ನೀನು ಈ ಕೆಲಸಕ್ಕೆ ಹೊರಟಾಗ ಅವರು ಅಂದದ್ದು ನಿನಗೂ ನೆನಪಿದೆ. "ಮರಕ್ಕೆ ಜೋಲಿ ಕಟ್ಕಂಡು ಕಾಡ್ನಾಗೆ ಮಲಗೋದೂ ಒಂದು ಕೆಲ್ಸಾನಾ? ಹೋಗೋದಾದ್ರೆ ಹೋಗ್ಲಿ ಬುಡು, ನನ್ನ ಮಾತ್ರ ಮಾತಾಡಿಸೋದು ಬ್ಯಾಡ." ಗೌರಿ ಹಬ್ಬಕ್ಕೆ ನೀನು ಬಂದಾಗಲೂ ಮುಖದ ಮುಂದೆ ಪೇಪರ್ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದರು, ಅದೂ ಹಿಂದಿನ ದಿನದ ಪೇಪರ್. ಅಪ್ಪ ಮಗಳ ನಡುವೆ ಸಿಕ್ಕಿ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿದ್ದೇನೆ. ಹೀಗಿರುವಾಗ ನಿನ್ನ ಕಾಗದ ಬಂತು. ಅವರು ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು, ನಾನು ಬೇಕೆಂದೇ ಗಟ್ಟಿಯಾಗಿ ಓದಿದೆ. ಆ ಹ್ಯಾಮಕ್ಕು ಅನ್ನುವ ಜೋಲಿಯಲ್ಲಿ ಮಲಗಿದರೆ ಎರಡು ಜೊತೆ ಕಾಲುಚೀಲ ಹಾಕಿದರೂ ಕಾಲು ಮಂಜುಗಡ್ಡೆ, ನಿದ್ದೆಯೇ ಹತ್ತುವುದಿಲ್ಲ ಅಂತ ಬರೆದಿದ್ದೆಯಲ್ಲ, ಅಲ್ಲಿಗೆ ಬಂದಾಗ ಕಡಲೆಕಾಯಿ ಒಡೆಯುವ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಮಾರನೇ ದಿನ ನೋಡಿದರೆ, ನೀನು ಅಟ್ಟದ ಮೇಲೆ ಹಾಕಿ ಹೋಗಿದ್ದ ಹಳೇ ಜೋಲಿ ಹಿತ್ತಲಲ್ಲಿ ಹೊಂಗೆಗೂ ಬೇವಿಗೂ ನಡುವೆ ತೂಗಾಡುತ್ತಿದೆ! ಇದೇನ್ರೀ ಅಂದರೆ "ಬೆನ್ನುನೋವು ಕಣೆ, ಮಂಚ ಆಗ್ತಿಲ್ಲ" ಅಂದರು. ಮೂಟೆ ಹೊತ್ತರೂ ಬೆನ್ನು ಅನ್ನದ ಮನುಷ್ಯ! ಊಟ ಮಾಡಿ ಅದರಲ್ಲಿ ಹೋಗಿ ಮಲಗಿದರು. ಬೆಳಿಗ್ಗೆ ಎದ್ದು ಬಂದಾಗ ಕಾಲು ಮುಟ್ಟಿ ನೋಡಿದೆ, ಹಿತ್ತಲ ಕಲ್ಲಿನಂತೆ ತಣ್ಣಗಿತ್ತು. ಮೇಲೆ ಎರಡು ಕೌದಿ ಹೊದ್ದಿದ್ದರು ಕಣೆ, ಕೆಳಗೆ ಮಾತ್ರ ಜೋಲಿಯ ತೆಳು ಬಟ್ಟೆ. ಅಂಥಾ ದಪ್ಪ ಕೌದಿ ಹೊದ್ದರೂ ಚಳಿ ಎಲ್ಲಿಂದ ಬಂತು, ನನಗಂತೂ ಅರ್ಥವಾಗಲಿಲ್ಲ. ಅವರಿಗೂ ಆಗಲಿಲ್ಲ.

ಅಲ್ಲಿಂದ ಶುರುವಾಯಿತು ನೋಡು ಪ್ರಯೋಗ. ಒಂದು ದಿನ ಅಂಗಾಲಿಗೆ ಬಿಸಿ ಹರಳೆಣ್ಣೆ ತಿಕ್ಕಿಸಿಕೊಂಡರು. ಎಣ್ಣೆ ಜೋಲಿಗೆಲ್ಲಾ ಮೆತ್ತಿತು, ಕಾಲು ಮಾತ್ರ ಹಾಗೇ. ಇನ್ನೊಂದು ದಿನ ಮಂಕಿ ಟೋಪಿಯನ್ನು ಪಾದಕ್ಕೆ ಹಾಕಿಕೊಂಡರು, ನಾನು ನಕ್ಕಿದ್ದಕ್ಕೆ ಬೆಳಿಗ್ಗೆ ಕಾಫಿ ಬೇಡ ಅಂದರು. ಗಾಳಿ ಉತ್ತರದಿಂದ ಬೀಸುತ್ತದೆ, ಕಾಲೂ ಆ ಕಡೆಗೇ ಇದೆ, ತಿರುಗಿ ಮಲಗಿ ಅಂದೆ. "ತಲೆ ಉತ್ತರಕ್ಕೆ ಹಾಕ್ಕಂಡು ಮಲಗು ಅಂತೀಯಲ್ಲ, ನನ್ನ ಕಳಿಸ್ಬುಡೋಕೆ ನೋಡ್ತಿದ್ದೀಯಾ?" ಅಂತ ಎಗರಿದರು. ಮಾರನೇ ದಿನ ತಾವೇ ತಿರುಗಿ ಮಲಗಿದ್ದರು! ಯಮನಿಗಿಂತ ಚಳಿ ಹೆಚ್ಚಾಯಿತೇನೋ. ಆದರೂ ಕಾಲು ಬೆಚ್ಚಗಾಗಲಿಲ್ಲ.

ಆಗ ಬಂದಳು ನೋಡು ಪಕ್ಕದ ಮನೆ ಬೊಮ್ಮಕ್ಕ, ಬೇಡ ಅಂದರೂ ಬುದ್ಧಿ ಹೇಳುವವಳು. "ಮ್ಯಾಲೆ ಎಷ್ಟು ಹೊದ್ರೆ ಏನಕ್ಕಾ? ಬಾಣಂತಿ ಮಂಚದ ಕೆಳಗೆ ಕೆಂಡ ಇಡಲ್ವಾ, ಅಂಗೆ ಕೆಳಗಿಂದ ಕಾವು ಕೊಡ್ಬೇಕು." ನಿಮ್ಮಪ್ಪನಿಗೆ ಅದು ವೇದವಾಕ್ಯವಾಯಿತು. ನೀನು ಹುಟ್ಟಿದಾಗ ನನ್ನ ಬಾಣಂತನದಲ್ಲಿ ನಮ್ಮಮ್ಮ ಇಟ್ಟಿದ್ದ ಅದೇ ಅಗ್ಗಿಷ್ಟಿಕೆ ಹುಡುಕಿ, ಕೆಂಡ ತುಂಬಿ, ಕಾಲಿನ ಕೆಳಗೆ ಇಟ್ಟುಕೊಂಡು ಮಲಗಿದರು. ಹಗ್ಗದ ಮಂಚಕ್ಕೂ ನೈಲಾನ್ ಬಟ್ಟೆಗೂ ವ್ಯತ್ಯಾಸ ಬೇಡವೇ? ನಾನಾದರೂ ಹೇಳಬಹುದಿತ್ತು, ನನಗೂ ಹೊಳೆಯಲಿಲ್ಲ. ಪಾತ್ರೆ ತೊಳೆಯುತ್ತಿದ್ದೆ, ಸುಟ್ಟ ವಾಸನೆ ಬಂತು, ಹಿಂದೆಯೇ "ಅಯ್ಯಯ್ಯೋ ಸಿದ್ದಪ್ಪಾ" ಅಂತ ನಿಮ್ಮಪ್ಪ ಬೆಟ್ಟದ ಸ್ವಾಮಿಯನ್ನು ಕೂಗಿದರು. ಓಡಿ ಹೋದರೆ, ಜೋಲಿ ಮುದುರಿ ತೂತಾಗಿ, ಎರಡು ಕಾಲೂ ತೂತಿನಿಂದ ಹೊರಗೆ ನೇತಾಡುತ್ತಿವೆ. ಅಗ್ಗಿಷ್ಟಿಕೆ ಒದ್ದಿದ್ದರು, ಪುಣ್ಯಕ್ಕೆ ಮೈ ಸುಡಲಿಲ್ಲ. ಮೊದಲು ಹೆದರಿ ಅತ್ತೆ, ಆಮೇಲೆ ನಗು ತಡೆಯಲಾಗಲಿಲ್ಲ. ಬೊಮ್ಮಕ್ಕ ಬೀದಿಯಲ್ಲೆಲ್ಲಾ "ಪರ್ವತಯ್ಯನೋರಿಗೆ ಅದೇನೋ ಆಗೈತೆ ಕಣಮ್ಮ" ಅಂತ ಸಾರಿಕೊಂಡು ಬಂದಳು.

ಇಷ್ಟಾದ ಮೇಲಾದರೂ ಬಿಟ್ಟರೇ? ತೂತನ್ನು ಗೋಣಿದಾರದಲ್ಲಿ ಹೊಲಿದು, ಉಳಿದ ಸಂದು ಮುಚ್ಚಬೇಕಲ್ಲ ಅಂತ ಹಳೇ ಕರಿ ಕಂಬಳಿಯನ್ನು ಜೋಲಿಯ ಹೊರಗಡೆಯಿಂದ, ಕೆಳಗೆ, ಇನ್ನೊಂದು ಜೋಲಿಯ ಹಾಗೆ ಇಳಿಬಿಟ್ಟು ಕಟ್ಟಿದರು. ಮೈ ಭಾರ ಅದರ ಮೇಲೆ ಬೀಳದಂತೆ ಸ್ವಲ್ಪ ಸಡಿಲವಾಗಿ. ಬೆಳಿಗ್ಗೆ ಎದ್ದವರೇ ಅಡುಗೆಮನೆಗೆ ಬಂದು ಕಾಲು ಮುಂದೆ ಚಾಚಿದರು. ಮುಟ್ಟಿದೆ. ಬೆಚ್ಚಗಿತ್ತು ಕಣೆ ರಂಜೂ, ಹೊಸ ಕರುವಿನ ಕಿವಿಯ ಹಾಗೆ! ಹೊದ್ದಾಗ ಬಾರದ ಬಿಸಿ ಕೆಳಗೆ ಕಟ್ಟಿದರೆ ಹೇಗೆ ಬಂತು? "ಇದೇನ್ ಉಲ್ಟಾ ಲೋಕನೋ" ಅಂದರು. ನೀನು ಓದಿದವಳು, ನಿನಗೆ ಗೊತ್ತಿದ್ದರೆ ಬರೆದು ತಿಳಿಸು. ಈಗ ನೀನು ಮಾಡಬೇಕಾದದ್ದು ಇಷ್ಟೇ, ಹೊದಿಕೆಯ ಮೇಲೆ ಹೊದಿಕೆ ಹಾಕಬೇಡ, ಒಂದು ಕಂಬಳಿಯನ್ನು ಕೆಳಗೆ ಕಟ್ಟು.

ಮೊನ್ನೆ ಸಿರಾ ಬಸ್ಸು ಹತ್ತಿ ಮದಲೂರಿಗೆ ಹೋಗಿ ಹೊಸ ಕಂಬಳಿ ತಂದಿದ್ದಾರೆ. ಯಾರಿಗೆ ಅಂದರೆ "ಕರುವಿಗೆ" ಅಂದರು. ಕರುವಿಗೆ ಗೋಣಿಚೀಲ ಇದೆ. ನಿನ್ನೆ ಅದಕ್ಕೆ ನಾಲ್ಕೂ ಮೂಲೆಯಲ್ಲಿ ಹಗ್ಗ ಹೊಲಿಯುತ್ತಾ ಕೂತಿದ್ದವರು, ತಲೆ ಎತ್ತದೆ, "ಲೇ ಇಂದ್ರ, ರಂಜು ನನ್ನ ಭುಜಕ್ಕೆ ಬರ್ತಾಳೋ, ಕಿವಿಗೋ?" ಅಂತ ಕೇಳಿದರು. ಜೂನ್ ತಿಂಗಳಿಂದ ಈ ಮನೆಯಲ್ಲಿ ಅವರ ಬಾಯಲ್ಲಿ ನಿನ್ನ ಹೆಸರು ಬಂದಿರಲಿಲ್ಲ. ಕಿವಿಗೆ ಅಂದೆ. ಅಷ್ಟು ಅಂದವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಖುಷಿಯಲ್ಲಿ, ಹಾಗಾದರೆ ಅವಳಿಗೆ ಎರಡು ಸಾಲು ಬರೆಯಿರಿ ಅಂದರೆ ಮತ್ತೆ ಅದೇ ಗಂಟು ಮುಖ. "ಬರೆಯೋಕೆ ಏನೈತೆ" ಅಂತ ಎದ್ದು ಹೋದರು. ಈ ಗಂಡಸರ ಹೊಟ್ಟೆಯೊಳಗೆ ಏನಿದೆಯೋ, ಮಾತು ಇದ್ದರೆ ಆಡಬಾರದೇ? ನನಗಂತೂ ಅವರು ನಿನ್ನ ಮೇಲೆ ಕೋಪದಲ್ಲಿದ್ದಾರೋ ಇಲ್ಲವೋ ಈಗಲೂ ತಿಳಿಯುತ್ತಿಲ್ಲ.

ಆರೋಗ್ಯ ನೋಡಿಕೋ. ಸಿದ್ದರಬೆಟ್ಟದ ಸ್ವಾಮಿ ನಿನ್ನನ್ನೂ ನಿನ್ನ ಹಕ್ಕಿಗಳನ್ನೂ ಕಾಯಲಿ. ನಿನ್ನ ಜೊತೆಯ ಹುಡುಗಿಯರಿಗೂ ನನ್ನ ಆಶೀರ್ವಾದ ಹೇಳು.

ನಿನ್ನ ದಾರಿ ನೋಡುವ ಅಮ್ಮ,
ಇಂದ್ರಮ್ಮ

ಇನ್ನೊಂದು ಮಾತು: ಸೋಮವಾರ ಬೆಳಿಗ್ಗೆ, ಆತುರದಲ್ಲಿ ಬರೆಯುತ್ತಿದ್ದೇನೆ, ಅವರು ಸ್ನಾನಕ್ಕೆ ಹೋಗಿದ್ದಾರೆ. ಅಂಟಿಸಿದ ಕವರ್ ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಮಧುಗಿರಿಯಲ್ಲಿ ಯಾರನ್ನೋ ನೋಡಬೇಕು, ಕಾಗದ ಕೊಡು, ದಾರಿಯಲ್ಲಿ ಪೋಸ್ಟ್ ಮಾಡ್ತೀನಿ ಅಂದರು. ಸ್ಟಾಂಪ್ ತರುತ್ತೇನೆ ಅಂದರೆ ಬೇಡ ಅಂದರು. ಅವರ ಚೀಲ ನೋಡಿದೆ. ಎರಡು ಪಂಚೆ, ಸ್ವೆಟರು, ವಿಭೂತಿ ಗಟ್ಟಿ, ಆ ಹೊಸ ಕಂಬಳಿ, ನಿನ್ನ ವಿಳಾಸ ಇರುವ, ನೀನು ಕಳಿಸಿದ್ದ ಕಾಗದದ ಕವರು. ಮಧುಗಿರಿಗೆ ಯಾರಾದರೂ ಕಂಬಳಿ ತೆಗೆದುಕೊಂಡು ಹೋಗುತ್ತಾರೆಯೇ? ನೀನಿರುವ ಕಡೆ ಆಡುವ ತಮಿಳು ಒಂದಕ್ಷರ ಬಾರದು, ಪಾವಗಡದವರಾದ ತಮ್ಮ ತಾಯಿಯಿಂದ ಕಲಿತ ತೆಲುಗು ನಂಬಿಕೊಂಡು ಹೊರಟಿದ್ದಾರೆ. ಸ್ಟಾಂಪ್ ಇಲ್ಲದೆ ಈ ಕಾಗದ ನಿನ್ನ ಕೈಗೆ ಬಂದರೆ, ಓದುವುದು ಆಮೇಲೆ ಇರಲಿ, ಕೊಟ್ಟವರ ಮುಖ ನೋಡು. ಅವರಾಗಿ ಮಾತು ಶುರು ಮಾಡುವವರಲ್ಲ. ನೀನೇ ಮೊದಲು ಅಪ್ಪಾಜಿ ಅನ್ನು ಕಂದಾ.