ಕರೆಯದ ಮನೆಗೆ ಗುಡ್ಡದ ದಾರಿ

ಜುಲೈ ೨೫, ೧೯೦೯. ರವಿವಾರ

ಟಾಕು ಮತ್ತೆ ಮುರಿಯಿತು. ಕಚೇರಿಯ ಟಾಕಿನಿಂದಲೇ ಬರೆಯುತ್ತಿದ್ದೇನೆ, ಸರ್ಕಾರ ಕ್ಷಮಿಸಲಿ. ದಿನವಿಡೀ ಉರ್ದುವಿನಲ್ಲಿ ಬೇರೆಯವರ ಅರ್ಜಿ ನಕಲು ಮಾಡಿ, ಸಂಜೆ ಕನ್ನಡದಲ್ಲಿ ನನ್ನದೊಂದು ನಾಲ್ಕು ಸಾಲು ಬರೆಯದಿದ್ದರೆ ಊಟ ಸೇರುವುದಿಲ್ಲ.

ಅಧಿಕ ಮಾಸ ಹತ್ತಿ ಎಂಟು ದಿನ. ಕಲಬುರ್ಗಿಯ ನಮ್ಮ ಶಹಾಬಜಾರದ ಅಳಿಯಂದಿರೆಲ್ಲ ಮಾವನ ಮನೆಗೆ ಹೋಗಿ, ತುಪ್ಪದಲ್ಲಿ ಕರಿದ ಮೂವತ್ತಮೂರು ಅನಾರಸ ದಾನ ತೆಗೆದುಕೊಂಡು, ಹೊಸ ಧೋತರದಲ್ಲಿ ಮೆರೆಯುತ್ತ ಬರುತ್ತಿದ್ದಾರೆ. ನನಗೆ ಕಮಲಾಪುರದಿಂದ ಕರೆ ಇಲ್ಲ. ಹೆಂಡತಿ ಮಥುರಾ ಹೆರಿಗೆಗೆಂದು ಅಲ್ಲಿಗೆ, ತವರಿಗೆ ಹೋದವಳು. ಒಂದು ವರ್ಷದ ಮೇಲಾಯಿತು, ತಿರುಗಿ ಬಂದಿಲ್ಲ.

ಅಪ್ಪನ ಮಾತು ಒಂದೇ. “ಅವರು ಕರೀಲಿ, ಆಮ್ಯಾಲ ಹೋಗು ಪ್ರಹ್ಲಾದ. ಕರೀಲಾರದ ಬೀಗರ ಮನಿಗಿ ಹೋಗೋದು ನಮ್ಮ ಮನೆತನದಾಗ ಇಲ್ಲ.” ಮಾವನ ಮಾತೂ ಒಂದೇ ಅಂತೆ — ಬರಬೇಕಾದಾಗ ಬರದವನನ್ನು ಈಗ ಯಾಕೆ ಕರೆಯಬೇಕು?

ಇಬ್ಬರದೂ ಸರಿ. ನಡುವೆ ನಾನು, ಹೆಂಡತಿ ಇದ್ದೂ ಬ್ರಹ್ಮಚಾರಿ.

ಇಂದು ಮಲ್ಲಣ್ಣ ಬಂದಿದ್ದ. ಪ್ರತಿ ರವಿವಾರ ಕಮಲಾಪುರದ ಕೆಂಪು ಬಾಳೆಹಣ್ಣು ಗಾಡಿಯಲ್ಲಿ ತರುತ್ತಾನೆ. ಮಾವನ ಮನೆಯ ಮಗ್ಗುಲಲ್ಲೇ ಅವನ ತೋಟ. ಅವ್ವ ಒಳಗೆ ಹೋದದ್ದು ನೋಡಿ ಮೆಲ್ಲಗೆ ಹೇಳಿದ.

“ರಾಯರ, ಮಥುರಾಬಾಯಾರು ಶುಕ್ರವಾರಕ್ಕೊಮ್ಮಿ ಗುಡ್ಡಾ ಹತ್ತಾಕತ್ತಾರ. ಸೋದರತ್ತಿ ಸಂಗಾಟ. ಮ್ಯಾಲ ಅಮ್ಮನ ಗುಡಿಯಾಗ ದೀಪಾ ಹಚ್ಚಿ ಬರ್ತಾರ. ಈ ತಿಂಗಳ ಮುಗಿಯೋತನಕ ಅಂತ.”

ತಿಂಗಳಲ್ಲಿ ನಾಲ್ಕು ಶುಕ್ರವಾರ. ಒಂದು ಆಗಲೇ ಹೋಯಿತು. ಶುಕ್ರವಾರ ಜುಮ್ಮಾ, ನಮ್ಮ ಕಚೇರಿಗೂ ರಜೆ. ಮಾವನ ಮನೆಗೆ ಕರೆಯದೆ ಹೋಗಬಾರದು, ಖರೆ. ಗುಡ್ಡಕ್ಕೆ ಯಾರು ಕರೆಯಬೇಕು?

ಜುಲೈ ೨೮

ಮಾವನ ಸಿಟ್ಟಿಗೆ ಕಾರಣ ಬರೆದಿಡುತ್ತೇನೆ. ಹೋದ ವರ್ಷ ಇದೇ ದಿನಗಳು. ಗಂಡು ಕೂಸು. ಎಂಟು ದಿನ ಇತ್ತು. ಹೋಯಿತು ಎಂದು ಸುದ್ದಿ ಬಂದ ಕೂಡಲೇ ಹೊರಟೆ. ಮಹಾಗಾಂವದ ಆಚೆಯ ಹಳ್ಳ ತುಂಬಿತ್ತು. ಎದೆಮಟ್ಟ ನೀರು. ದಾಟಲಾಗಲಿಲ್ಲ. ತಿರುಗಿ ಬಂದೆ.

ಅಷ್ಟೇ.

ಆಗಸ್ಟ್ ೧, ರವಿವಾರ

ಫಕ್ರುದ್ದೀನನಿಗೆ ಹೇಳಿದೆ. ಕಚೇರಿಯಲ್ಲಿ ನನ್ನ ಪಕ್ಕದ ಗಾದಿ ಅವನದು. ಗುಡ್ಡ ಅಂದರೆ ಸಾಕು, ಬೆಟ್ಟದ ಮೇಕೆಯ ಹಾಗೆ ಏರುತ್ತಾನೆ. ಎಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಸ್ವಂತ ಬೀಬಿನ ನೋಡ್ಲಾಕ ಇಷ್ಟು ಚೋರಿ? ನಡಿ ಯಾರ್, ನಾ ಬರ್ತೀನಿ. ದೇಖೋ, ನನಗ ಗುಡ್ಡ, ನಿನಗ ಗುಡ್ಡದ ಮ್ಯಾಲಿಂದು.”

ಗುರುವಾರ ಮಧ್ಯಾಹ್ನ ಗಾಡಿ ಕಟ್ಟುವುದು. ಮಹಾಗಾಂವದಲ್ಲಿ ಮುಕ್ಕಾಂ. ಶುಕ್ರವಾರ ಮುಂಜಾನೆ ಗುಡ್ಡ. ಮಲ್ಲಣ್ಣನ ಕೈಲಿ ಮಥುರಾಗೆ ಸುದ್ದಿ ಕಳಿಸಿದೆ — ಆರನೆಯ ತಾರೀಖು ನಾನೂ ಗುಡ್ಡ ನೋಡಲು ಬರುತ್ತೇನೆ ಎಂದು. ಗುಡ್ಡ ನೋಡಲು! ಓದಿದರೆ ನನಗೇ ನಗು ಬರುತ್ತದೆ.

ಅವಳ ಮೂಗಿನ ಎಡಗಡೆಯ ಮಚ್ಚೆ ದೊಡ್ಡದೋ ಸಣ್ಣದೋ, ನಿನ್ನೆಯಿಂದ ನೆನಪಿಗೆ ಬರುತ್ತಿಲ್ಲ. ಇದಕ್ಕಿಂತ ದುಃಖ ಬೇರೆ ಇಲ್ಲ.

ಆಗಸ್ಟ್ ೫, ಗುರುವಾರ. ಬೆಳಗಿನ ಎಂಟು

ಅಪ್ಪ ಜಗಲಿಯ ಮೇಲೆ ಪಂಚಾಂಗ ಬಿಚ್ಚಿ ಕೂತಿದ್ದಾರೆ. ಆಶ್ಲೇಷಾ ಮಳೆಗೆ ಈ ಸಲ ವಾಹನ ಕಪ್ಪೆ. ಕಪ್ಪೆಯ ಮೇಲೆ ಕೂತು ಬಂದ ಮಳೆ ಕೆರೆ ತುಂಬಿಸದೆ ಹೋಗುವುದಿಲ್ಲ ಎಂದು ಓಣಿಗೆಲ್ಲ ಹೇಳಿದರು. ಹೋದ ಮಳೆಗೆ ಕತ್ತೆ, ಹನಿಯೂ ಬೀಳುವುದಿಲ್ಲ ಅಂದಿದ್ದರು. ಅದು ಬರಲೇ ಇಲ್ಲ. ಅಪ್ಪನ ಮಾತು ಸುಳ್ಳಾಗಲಿಲ್ಲ.

ಹನ್ನೊಂದು

ಪಡುವಣ ಕಪ್ಪಾಗಿದೆ. ಫಕ್ರುದ್ದೀನ್ ಬುತ್ತಿ ಕಟ್ಟಿಸಿಕೊಂಡೇ ಕಚೇರಿಗೆ ಬಂದಿದ್ದಾನೆ.

ಒಂದೂವರೆ

ಗಾಳಿ ಎದ್ದಿತು. ನಾಲ್ಕು ಹನಿ ಬಿದ್ದವು. ಬಂಡೆ ನೆನೆದರೆ ಕಾಲು ನಿಲ್ಲುವುದಿಲ್ಲ. ಈ ಮೋಡದಲ್ಲಿ ಹೆಂಗಸರನ್ನು ಗುಡ್ಡ ಹತ್ತಲು ಯಾರು ಬಿಡುತ್ತಾರೆ? ನಾನು ಹೋಗಿ, ಅವಳು ಬರದಿದ್ದರೆ?

ಮೂರು

ಬೇಡ ಎಂದು ಹೇಳಿಬಿಟ್ಟೆ. ಗಾಡಿ ತಿರುಗಿ ಹೋಯಿತು. ಫಕ್ರುದ್ದೀನ್ ಮುಖ ನೋಡಿದ. “ಮೋಡ ನೋಡ್ಕೋತ ಕುಂತ್ರ ಪಹಾಡ ತಾನೇ ನಡ್ಕೋತ ಕಲಬುರ್ಗಿಗಿ ಬರ್ತದೇನು?” ಎಂದ. ಬುತ್ತಿ ಬಿಚ್ಚಿ ಅಲ್ಲೇ ಉಂಡ. ನನ್ನನ್ನೂ ಕರೆದ. ಸೇರಲಿಲ್ಲ.

ಆಗಸ್ಟ್ ೬, ಶುಕ್ರವಾರ

ಒಂದು ಹನಿ ಇಲ್ಲ. ಬಿಸಿಲು. ಓಣಿಯವರೆಲ್ಲ ಹಪ್ಪಳ ಒಣಗಿಸಿದ್ದಾರೆ.

ಆಗಸ್ಟ್ ೮, ರವಿವಾರ

ಮಲ್ಲಣ್ಣ ಬಂದ. ಬಾಳೆಹಣ್ಣು ಇಳಿಸಲಿಲ್ಲ, ಮೊದಲು ನನ್ನನ್ನು ನೋಡಿದ.

“ಯಾಕ ಬರ್ಲಿಲ್ಲ್ರೀ ರಾಯರ?”

“ಮೋಡ ಆಗಿತ್ತಲ್ಲೋ.”

“ನಮ್ಮ ಕಡಿ ಲಖ್ಖ ಬಿಸಲಿತ್ತು. ಬಾಯಾರು ಸಂಜಿತನಕ ಕುಂತಿದ್ರು. ಸೋದರತ್ತಿ ಇಳೀರಿ ಇಳೀರಿ ಅಂದ್ರೂ ಇಳೀಲಿಲ್ಲ. ಡಬ್ಬಿ ತಂದಿದ್ರು ಮ್ಯಾಲ.”

ಡಬ್ಬಿಯಲ್ಲಿ ಏನು ಎಂದು ಕೇಳಬಾರದಿತ್ತು. ಕೇಳಿದೆ. ಅನಾರಸ. ಮೂವತ್ತಮೂರು. ಮಾವ ಕರೆಯುವುದಿಲ್ಲ ಎಂದು ತಾನೇ ಕರಿದು, ಕಂಕುಳಲ್ಲಿ ಇಟ್ಟುಕೊಂಡು ಗುಡ್ಡ ಹತ್ತಿದ್ದಾಳೆ. ನನಗೆ ಅಳಿಯನ ಮರ್ಯಾದೆ ಮಾಡಲು. ಅಲ್ಲಿ, ಬಂಡೆಯ ಮೇಲೆ.

“ಕಡೀಕ್ ಮಂಗ್ಯಾಗೋಳಿಗಿ ಹಾಕಿ ಇಳದ್ರು,” ಎಂದ ಮಲ್ಲಣ್ಣ. “ಅಳಲಿಲ್ಲ್ರೀ. ಅತ್ತಿದ್ರ ಛೊಲೊ ಇತ್ತು.”

ಆಗಸ್ಟ್ ೧೨, ಗುರುವಾರ. ಬೆಳಿಗ್ಗೆ

ಮೂರು ದಿನ ಬರೆಯಲಿಲ್ಲ. ಬರೆಯಲು ಮುಖ ಇರಲಿಲ್ಲ.

ನಾಳೆ ಕೊನೆಯ ಶುಕ್ರವಾರ. ಮಂಗಳವಾರದಿಂದ ಕಪ್ಪೆ ತನ್ನ ಕೆಲಸ ಶುರು ಮಾಡಿದೆ. ಮಾಡಿನಿಂದ ನೀರು ಇಳಿಯುವುದು ನಿಂತೇ ಇಲ್ಲ. ಅಪ್ಪ ಖುಷಿಯಾಗಿದ್ದಾರೆ.

ಮಧ್ಯಾಹ್ನ ಹನ್ನೆರಡು

ಫಕ್ರುದ್ದೀನ್ ಈ ಸಲ ತಾನೇ ಬೇಡ ಅಂದ. “ಈ ಮಳ್ಯಾಗ ಮೇಕಿ ಸುದ್ದಾ ಗುಡ್ಡಾ ಹತ್ತಲ್ಲ. ಮುಂದಿನ ಜುಮ್ಮಾ ಹೋಗೋಣು.” ಮುಂದಿನ ಶುಕ್ರವಾರಕ್ಕೆ ಅಧಿಕ ಮಾಸ ಇರುವುದಿಲ್ಲ, ದೀಪವೂ ಇರುವುದಿಲ್ಲ. ಮತ್ತೆ ಅಧಿಕ ಬರಲು ಮೂರು ವರ್ಷ.

ಗುಡ್ಡ ಇಲ್ಲ. ಅವನು ಹೇಳಿದ್ದು ಸರಿ. ಇಂಥ ಮಳೆಯಲ್ಲಿ ಅವಳು ಮೇಲೆ ಇರುವುದಿಲ್ಲ, ಮನೆಯಲ್ಲೇ ಇರುತ್ತಾಳೆ. ಹಾಗಾದರೆ ನಾನೂ ಮನೆಗೇ ಹೋಗಬೇಕು. ಬಾಗಿಲಿಗೆ. ಕರೆಯದೆ.

ಒಂದು ಗಂಟೆ

ಅಪ್ಪನಿಗೆ ಹೇಳಿದೆ. ಪಂಚಾಂಗ ಮುಚ್ಚಿದರು. “ಮಳಿ ನಿಲ್ಲಲಿ,” ಎಂದರು.

“ಹೋದ ವರ್ಷ ಹಳ್ಳದಿಂದ ತಿರುಗಿ ಬಂದಾಗೂ ಹಿಂಗೇ ಅಂದ್ರಿ ಅಪ್ಪಾ. ನಾನೂ ಹೂಂ ಅಂದೆ.”

ಅವ್ವ ಒಂದು ಕುಬಸದ ಖಣ, ತೆಂಗಿನಕಾಯಿ, ಹಸಿರು ಬಳೆ ಗಂಟು ಕಟ್ಟಿ ತಂದಳು. ಸೊಸೆಯನ್ನು ಕರೆತರುವಾಗ ಒಯ್ಯುವ ಗಂಟು. ಯಾವಾಗಿನಿಂದ ಕಟ್ಟಿಟ್ಟಿದ್ದಳೋ, ಖಣದ ಮಡಿಕೆ ಹಳತಾಗಿತ್ತು.

ಆಗಸ್ಟ್ ೧೩, ಶುಕ್ರವಾರ. ಮಹಾಗಾಂವದ ಆಚೆ, ಹಳ್ಳದ ದಂಡೆ

ಸೀಸದ ಕಡ್ಡಿಯಿಂದ ಬರೆಯುತ್ತಿದ್ದೇನೆ. ಗಾಡಿಯ ಕಮಾನಿನಡಿ ಕೂತು. ಹಾಳೆ ತೊಯ್ಯುತ್ತಿದೆ. ಗಾಡಿಯವನು ಎತ್ತು ಬಿಚ್ಚಿದ್ದಾನೆ. ಗಾಡಿ ದಾಟುವುದಿಲ್ಲ, ಮನುಷ್ಯ ದಾಟಬಹುದು ಅನ್ನುತ್ತಾನೆ. ಆಚೆ ದಂಡೆಯ ಮೇಲೆ ಮಲ್ಲಣ್ಣ ಗೊಂಗಡಿ ಹೊದ್ದು ನಿಂತಿದ್ದಾನೆ, ಮಹಾಗಾಂವಕ್ಕೆ ಹೊರಟಿದ್ದವ ಇರಬೇಕು. ಕೈ ಬೀಸುತ್ತಾನೆ. ಬಾ ಎನ್ನುತ್ತಾನೋ ಬೇಡ ಎನ್ನುತ್ತಾನೋ, ತಿಳಿಯುತ್ತಿಲ್ಲ.

ಇಲ್ಲೇ ನಿಂತಿದ್ದೆ, ಹೋದ ವರ್ಷ. ಇದೇ ಜಾಲಿಗಿಡ.

ಅವಳ ಮುಂದೆ ಹೇಳುವ ಮೊದಲು ಇಲ್ಲಿ ಹೇಳಬೇಕು. ಎಲ್ಲರಿಗೂ ಎದೆಮಟ್ಟ ನೀರು ಅಂದೆ. ಅಪ್ಪನಿಗೆ, ಮಾವನಿಗೆ ಬರೆದ ಕಾಗದದಲ್ಲಿ, ಯಾರೂ ಓದದ ಈ ವಹಿಯಲ್ಲೂ. ಎದೆಮಟ್ಟ ಇರಲಿಲ್ಲ. ಮೊಳಕಾಲು ಮುಳುಗುವಷ್ಟು ಇತ್ತು. ಕುರಿಗಳು ದಾಟುತ್ತಿದ್ದವು. ಕೂಸಿಲ್ಲದ ಅವಳ ಮಡಿಲು ನೋಡಲು ನನಗೆ ಧೈರ್ಯ ಸಾಲಲಿಲ್ಲ. ಮಳೆ ಬಂತು, ನಾನು ಅದರ ಹಿಂದೆ ಅಡಗಿದೆ. ಮೊನ್ನೆಯ ನಾಲ್ಕು ಹನಿಯ ಹಿಂದೆಯೂ ಅಡಗಿದೆ.

ಇಂದು ನೀರು ಖರೆಯಾಗಿಯೂ ಸೊಂಟದ ಮೇಲೆ ಇದೆ. ಗಂಟು ತಲೆಗೆ ಕಟ್ಟಿಕೊಂಡೆ. ವಹಿಯನ್ನು ಗಾಡಿಯವನ ಕೈಗೆ ಕೊಡುತ್ತೇನೆ, ತೊಯ್ಯದಿರಲಿ. ಧೋತರ ಎತ್ತಿ ಕಟ್ಟಿದೆ. ಇನ್ನು ನೀರಿಗೆ ಇಳಿಯುತ್ತೇನೆ.