ಮೂರು ಮಿಲಿಮೀಟರಿನ ಸುರಕ್ಷತೆ

ಕೃಷಿಯಂತ್ರಗಳ ಅಳತೆಗೆ ಒಪ್ಪಿಗೆಯ ಮೊಹರು ಒತ್ತುವ ಮಾನ್ಯ ಮುಖ್ಯಾಧಿಕಾರಿಗಳೇ,

ಟ್ರ್ಯಾಕ್ಟರಿನ ಹಿಂದಿನ ತೋಳುಗಳಲ್ಲಿ ನೇಗಿಲು ಸಿಕ್ಕಿಸುವ ತೂತು ಎಷ್ಟಗಲ ಇರಬೇಕೆಂಬುದನ್ನು ಒಂದೊಂದು ಕಂಪನಿಯ ಇಷ್ಟಕ್ಕೆ ಬಿಟ್ಟು ನೀವು ಕೈತೊಳೆದುಕೊಂಡಿದ್ದೀರಿ. ನನ್ನ ದೂರು ಅದೇ. ದೂರುವವನೂ ಈ ತಪ್ಪಿನಲ್ಲಿ ಪಾಲುದಾರ, ಆದ್ದರಿಂದ ದನಿ ಏರಿಸಲಾರೆ.

ನಾನು ಟ್ರ್ಯಾಕ್ಟರ್ ಕಾರ್ಖಾನೆಯೊಂದರ ನಕ್ಷೆಗಾರ. ಜನ ನಮ್ಮ ಟ್ರ್ಯಾಕ್ಟರ್ ಕೊಂಡು, ಅದಕ್ಕೆ ಎದುರಾಳಿ ಕಂಪನಿಯ ನೇಗಿಲು ಸಿಕ್ಕಿಸುತ್ತಿದ್ದರು. ಅದು ನಮ್ಮದಕ್ಕಿಂತ ಚೆನ್ನಾಗಿತ್ತು. ಇನ್ನೂ ಒಳ್ಳೆಯ ನೇಗಿಲು ಮಾಡಿ ಗೆಲ್ಲಬಹುದಿತ್ತು. ಆದರೆ ಅದು ಕಷ್ಟದ ಕೆಲಸ. ನಮ್ಮ ಮೇಲಧಿಕಾರಿ ನನ್ನ ಮೇಜಿನ ಮೇಲೆ ಬಗ್ಗಿ, "ತೂತು ಮೂರು ಮಿಲಿಮೀಟರ್ ಜಾಸ್ತಿ ಮಾಡು. ಅವರ ನೇಗಿಲಿನ ಪಿನ್ನು ಇದರಲ್ಲಿ ನಿಲ್ಲಬಾರದು" ಎಂದರು.

"ಕಾರಣ ಏನಂತ ಬರೀಲಿ ಸಾರ್?"

"ಸುರಕ್ಷತೆ ಅಂತ ಬರಿ."

ದುಂಡಗೆ ಬರೆದೆ. ನಿಮ್ಮ ಕಚೇರಿ ನಾಲ್ಕೇ ದಿನದಲ್ಲಿ ಒಪ್ಪಿತು. ಯಾರ ಸುರಕ್ಷತೆ ಎಂದು ಕೇಳುವಷ್ಟು ಪುರುಸೊತ್ತು ನಿಮ್ಮಲ್ಲಿ ಒಬ್ಬರಿಗೂ ಇರಲಿಲ್ಲವೇ? ಈಗ ಎದುರಾಳಿಯವರೂ ಹಠಕ್ಕೆ ಬಿದ್ದು ತಮ್ಮ ಅಳತೆ ಬದಲಿಸಿ, ಅದೇ ಪದ ಬರೆದು ಅರ್ಜಿ ಹಾಕಿದ್ದಾರಂತೆ. ಮೊಹರಿಗೆ ಶಾಯಿ ಸಿದ್ಧವಾಗಿರಬೇಕು.

ನನ್ನ ಅಕ್ಕನ ಗಂಡ ನನ್ನನ್ನು ನಂಬಿ ನಮ್ಮದೇ ಟ್ರ್ಯಾಕ್ಟರ್ ಕೊಂಡರು. ಅವರ ಹಳೆಯ ನೇಗಿಲಿನ ಪಿನ್ನು ಹೊಸ ತೂತಿನಲ್ಲಿ ಲೊಡಲೊಡ ಎಂದಿತು. ತಗಡು ಸುತ್ತಿ ಬಿಗಿ ಮಾಡಿದರು. ನೇಗಿಲನ್ನು ಮೇಲೆತ್ತಿ ಸರಿಯಾಗಿದೆಯೇ ಎಂದು ಬಗ್ಗಿ ನೋಡುವಾಗ ತಗಡು ಜಾರಿ, ನೇಗಿಲು ಕೈಮೇಲೆ ಬಿತ್ತು. ಬಲಗೈಯ ಎರಡು ಬೆರಳು ಹೋದವು. ಆಸ್ಪತ್ರೆಯಲ್ಲಿ ಅವರೇ ನನಗೆ ಸಮಾಧಾನ ಹೇಳಿದರು: "ನಿಮ್ಮ ಕಂಪನಿದು ತಪ್ಪೇನಿಲ್ಲ ಬಿಡಪ್ಪ. ಏನೋ ಯೋಚನೆ ಮಾಡೇ ಅಳತೆ ಇಟ್ಟಿರ್ತಾರೆ. ನಂದೇ ಅವಸರ."

ಅಕ್ಕ ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಆ ತಲೆಯಾಡಿಸಿದ್ದು ನೆನಪಾದಾಗಲೆಲ್ಲ ನಾಚಿಕೆಯಿಂದ ಕುಗ್ಗಿಹೋಗುತ್ತೇನೆ. ಈಗ ಅವರ ಮನೆಗೆ ಹೋದರೆ ಭಾವ ಎಡಗೈಯಲ್ಲಿ ಚಹಾ ಕೊಡುತ್ತಾರೆ; ನಾನು ಲೋಟವನ್ನೇ ನೋಡುತ್ತೇನೆ.

ಹೊಸ ಅರ್ಜಿಯನ್ನು ತಿರಸ್ಕರಿಸಿ. ಎಲ್ಲ ಕಂಪನಿಗಳಿಗೂ ಒಂದೇ ಅಳತೆ ಕಡ್ಡಾಯ ಮಾಡಿ. ನಮ್ಮ ನಕ್ಷೆಯ ಮೇಲಿನ 'ಸುರಕ್ಷತೆ' ಶುದ್ಧ ಸುಳ್ಳೆಂದು, ಅದನ್ನು ಬರೆದ ನಾನೇ ಸಹಿ ಹಾಕಿಕೊಡುತ್ತೇನೆ, ಕರೆಸಿಕೊಳ್ಳಿ. ಕೆಲಸ ಹೋಗುತ್ತದೆಂದು ಗೊತ್ತಿದೆ.

ಇಷ್ಟನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸದೆ, ಮುಚ್ಚಿದ ಲಕೋಟೆಯಲ್ಲೇ ನಿಮಗೆ ಕಳಿಸಬಹುದಿತ್ತು. ಆದರೆ ಭಾವ ದಿನವೂ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುತ್ತಾರೆ. ಎದುರಿಗೇ ಹೇಳಿಬಿಡೋಣವೆಂದು ನಾಲ್ಕು ಸಲ ಹೋಗಿ, ಚಹಾ ಕುಡಿದು ಬಂದಿದ್ದೇನೆ.

ಇಂತಿ,
ಆ ತೂತಿನ ಅಳತೆ ಬರೆದ, ಹತ್ತೂ ಬೆರಳು ನೆಟ್ಟಗಿರುವ ನಕ್ಷೆಗಾರ